ಲೆಸ್ಟರ್‌ನ ಋತುವನ್ನು ಮತ್ತೆ ಆಡಿಸುವುದು: ಒಂದು ಫುಟ್‌ಬಾಲ್ ಮ್ಯಾನೇಜರ್ ಆಟ ಕಟ್ಟಿದ ಟಿಪ್ಪಣಿ

ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನ 2015-16ರ ಅಂಕಪಟ್ಟಿಯನ್ನು ನನ್ನ ಪ್ರೋಗ್ರಾಮ್ ಜೋಡಿಸಿದಾಗ ಇಪ್ಪತ್ತು ತಂಡಗಳಲ್ಲಿ ಹದಿನೆಂಟು ತಮ್ಮ ತಮ್ಮ ಜಾಗದಲ್ಲಿದ್ದವು. ಎರಡು ಮಾತ್ರ ಅದಲುಬದಲಾಗಿದ್ದವು. 15ನೇ ಸ್ಥಾನದಲ್ಲಿರಬೇಕಿದ್ದ ಕ್ರಿಸ್ಟಲ್ ಪ್ಯಾಲೇಸ್ ಒಂದು ಮೆಟ್ಟಿಲು ಕೆಳಗಿಳಿದಿತ್ತು, ಬೋರ್ನ್‌ಮತ್ ಮೇಲೇರಿತ್ತು. ಎರಡಕ್ಕೂ 42 ಅಂಕ. ಅಂಕ ಸಮವಾದಾಗ ಸ್ಥಾನ ನಿರ್ಧರಿಸುವ ಗೋಲು ವ್ಯತ್ಯಾಸ (ಹೊಡೆದದ್ದರಲ್ಲಿ ಬಿಟ್ಟುಕೊಟ್ಟದ್ದನ್ನು ಕಳೆದದ್ದು) ಪ್ಯಾಲೇಸ್‌ನದು ಮೈನಸ್ 12, ಬೋರ್ನ್‌ಮತ್‌ನದು ಮೈನಸ್ 22. ಮ್ಯಾಂಚೆಸ್ಟರ್‌ನ ಎರಡು ತಂಡಗಳೂ 66 ಅಂಕದಲ್ಲಿ ಸಮವಾಗಿದ್ದವು, ಆದರೆ ಅವು ಸರಿಯಾಗಿಯೇ ಕುಳಿತಿದ್ದವು. 47 ಅಂಕದ ಎವರ್ಟನ್ ಮತ್ತು ಸ್ವಾನ್ಸಿಯೂ ಸರಿಯಾಗಿದ್ದವು. ಈ ಒಂದು ಜೋಡಿಗೆ ಮಾತ್ರ ಏನಾಯಿತು?

ಕಾರಣ ಸಿಗಲು ಭಾನುವಾರದ ಸಂಜೆಯೆಲ್ಲ ಬೇಕಾಯಿತು. ಅಂಕಗಳ ಕಾಲಮ್ಮನ್ನು ನನ್ನ ಪ್ರೋಗ್ರಾಮ್ ಸಂಖ್ಯೆಯಾಗಿ ಓದುತ್ತಿತ್ತು, ಗೋಲು ವ್ಯತ್ಯಾಸದ ಕಾಲಮ್ಮನ್ನು ಬರಿಯ ಅಕ್ಷರಗಳಾಗಿ ಓದುತ್ತಿತ್ತು. ಮ್ಯಾಂಚೆಸ್ಟರ್ ಸಿಟಿಯ 30 ಮತ್ತು ಯುನೈಟೆಡ್‌ನ 14ನ್ನು ಅಕ್ಷರಗಳಾಗಿ ಹೋಲಿಸಿದರೂ ಮೊದಲ ಅಂಕಿ 3 ದೊಡ್ಡದೇ, ಹಾಗಾಗಿ ಆ ಜೋಡಿ ಪಾರಾಯಿತು. ಎವರ್ಟನ್‌ನದು 4, ಸ್ವಾನ್ಸಿಯದು ಮೈನಸ್ 10. ಅಕ್ಷರಗಳ ಸಾಲಿನಲ್ಲಿ ಮೈನಸ್ ಚಿಹ್ನೆಗೆ ಅಂಕಿಗಳಿಗಿಂತ ಕೆಳಗಿನ ಸ್ಥಾನವಾದ್ದರಿಂದ ಅದೂ ಪಾರಾಯಿತು. ಎರಡೂ ಕಡೆ ಮೈನಸ್ ಇರುವ ಜೋಡಿ ಬಂದಾಗ ಮಾತ್ರ ಮೈನಸ್ 22 ಎಂಬುದು ಮೈನಸ್ 12ಕ್ಕಿಂತ ದೊಡ್ಡದಾಯಿತು. ಓದುವ ಸಾಲಿನಲ್ಲಿ ಒಂದು ಪದ ಸೇರಿಸಿದೆ, ಪ್ಯಾಲೇಸ್ ತನ್ನ ಜಾಗಕ್ಕೆ ಮರಳಿತು.

ನಾನು ಕಟ್ಟುತ್ತಿರುವುದು ಒಂದು ಸಣ್ಣ ಫುಟ್‌ಬಾಲ್ ಮ್ಯಾನೇಜರ್ ಆಟ, ಅಂದರೆ ಆಡುವವನು ತಂಡದ ಮ್ಯಾನೇಜರ್ ಆಗಿ ಆಟಗಾರರನ್ನು ಆರಿಸುವ ಕಂಪ್ಯೂಟರ್ ಆಟ. ಹಳೆಯ ಲ್ಯಾಪ್‌ಟಾಪ್, ಪೈಥಾನ್ ಭಾಷೆ. ಚಿತ್ರಗಳಿಲ್ಲ, ಬರಿಯ ಅಕ್ಷರಗಳ ಪರದೆ. ಈ ಬಗೆಯ ಆಟಗಳು ಶುರುವಾದದ್ದೂ ಹೀಗೆಯೇ. 1982ರಲ್ಲಿ ಇಂಗ್ಲೆಂಡಿನ ಕೆವಿನ್ ಟಾಮ್ಸ್ ಎಂಬಾತ ಬೇಸಿಕ್ ಭಾಷೆಯಲ್ಲಿ ಒಬ್ಬನೇ ಕುಳಿತು ‘ಫುಟ್‌ಬಾಲ್ ಮ್ಯಾನೇಜರ್’ ಬರೆದ. ಹತ್ತು ವರ್ಷಗಳ ನಂತರ ಪಾಲ್ ಮತ್ತು ಆಲಿವರ್ ಕೊಲಿಯರ್ ಎಂಬ ಸಹೋದರರು ‘ಚಾಂಪಿಯನ್‌ಶಿಪ್ ಮ್ಯಾನೇಜರ್’ ತಂದರು. ಅದರಲ್ಲಿ ಪಂದ್ಯ ನಡೆಯುತ್ತಿದ್ದುದು ಅಕ್ಷರಗಳ ವೀಕ್ಷಕ ವಿವರಣೆಯಲ್ಲಿ. ಪರದೆಯ ಮೇಲೆ ಒಂದು ಸಾಲು ಮೂಡಿ ಮುಂದಿನ ಸಾಲು ಬರುವ ತನಕ ಉಸಿರು ಹಿಡಿದು ಕೂರುವ ಆ ಸುಖ ನನಗೆ ಇಂದಿನ ಮೂರು ಆಯಾಮದ ಮೈದಾನಗಳಲ್ಲಿ ಸಿಕ್ಕಿಲ್ಲ.

ಆದರೆ ಕೈಹಾಕಲು ನಿಜವಾದ ಕಾರಣ 2018ರ ಮಾರ್ಚ್ 17ರ ರಾತ್ರಿ. ಬೆಂಗಳೂರು ಎಫ್‌ಸಿ ಇಂಡಿಯನ್ ಸೂಪರ್ ಲೀಗ್‌ಗೆ ಬಂದ ಮೊದಲ ವರ್ಷ ಅದು. 18 ಲೀಗ್ ಪಂದ್ಯಗಳಲ್ಲಿ 40 ಅಂಕ ಗಳಿಸಿ, ಎರಡನೇ ಸ್ಥಾನದ ಚೆನ್ನೈಯಿನ್‌ಗಿಂತ 8 ಅಂಕ ಮುಂದಿದ್ದ ತಂಡ ನಮ್ಮದು. ಫೈನಲ್ ನಡೆದದ್ದು ನಮ್ಮದೇ ಕಂಠೀರವದಲ್ಲಿ. ಒಂಬತ್ತನೇ ನಿಮಿಷದಲ್ಲಿ ಸುನಿಲ್ ಛೇತ್ರಿ ಗೋಲು ಹೊಡೆದಾಗ ಗ್ಯಾಲರಿಯಲ್ಲಿ ಪಕ್ಕದ ಅಪರಿಚಿತರನ್ನು ತಬ್ಬಿಕೊಂಡವರಲ್ಲಿ ನಾನೂ ಒಬ್ಬ. ಕೊನೆಗೆ 2-3ರಲ್ಲಿ ಸೋತೆವು. ನಾಲ್ಕು ತಿಂಗಳ ಲೆಕ್ಕ ಒಂದೇ ರಾತ್ರಿಯಲ್ಲಿ ಅಳಿಸಿಹೋಯಿತಲ್ಲ ಎಂದು ಮನೆ ತಲುಪುವವರೆಗೂ ಕುದಿಯುತ್ತಿದ್ದೆ. ಆಮೇಲೆ ಇನ್ನೊಂದು ಪ್ರಶ್ನೆ ಹತ್ತಿಕೊಂಡಿತು. ಒಂದು ಪಂದ್ಯ ಸುಳ್ಳು ಹೇಳಬಲ್ಲದು, ಸರಿ. ಇಡೀ ಋತುವಿನ ಅಂಕಪಟ್ಟಿ ಎಷ್ಟು ನಿಜ ಹೇಳುತ್ತದೆ?

ಅದನ್ನು ಕೇಳಲು ನಾನು ಆರಿಸಿಕೊಂಡದ್ದು ಇಂಗ್ಲೆಂಡಿನ ಪ್ರೀಮಿಯರ್ ಲೀಗ್, 2015-16. ಮ್ಯಾನೇಜರ್ ಕ್ಲಾಡಿಯೊ ರಾನಿಯೆರಿ ಅವರ ಲೆಸ್ಟರ್ ಸಿಟಿ 81 ಅಂಕಗಳೊಂದಿಗೆ ಗೆದ್ದ ವರ್ಷ. ಹಿಂದಿನ ವರ್ಷ ಅದೇ ತಂಡ 41 ಅಂಕ ಗಳಿಸಿ 14ನೇ ಸ್ಥಾನದಲ್ಲಿತ್ತು. ಪ್ಲೇಆಫ್ ಇಲ್ಲ, ಫೈನಲ್ ಇಲ್ಲ. ಇಪ್ಪತ್ತು ತಂಡ, ಪ್ರತಿ ತಂಡಕ್ಕೆ 38 ಪಂದ್ಯ, ಒಟ್ಟು 380. ಅಳೆಯಲು ಇದಕ್ಕಿಂತ ಹಸನಾದ ಹೊಲ ಸಿಗದು.

ತಾಳೆ

ನನ್ನ ಉದ್ಯೋಗ ಲೆಕ್ಕಪತ್ರದ್ದು. ಅಂಕಪಟ್ಟಿಯನ್ನು ಕೈಯಾರೆ ತುಂಬಿದ ಮೇಲೆ ಮೊದಲು ಮಾಡಿದ ಕೆಲಸ ತಾಳೆ ನೋಡಿದ್ದು. ಫುಟ್‌ಬಾಲ್ ಲೀಗ್ ಎಂಬುದು ಅಚ್ಚುಕಟ್ಟಾದ ಜಮಾ-ಖರ್ಚಿನ ಪುಸ್ತಕ. ಒಬ್ಬರು ಹೊಡೆದ ಗೋಲು ಇನ್ನೊಬ್ಬರು ಬಿಟ್ಟುಕೊಟ್ಟ ಗೋಲಾಗಿರಲೇಬೇಕು. ಹೊಡೆದ ಗೋಲುಗಳ ಮೊತ್ತ 1026 ಬಂತು, ಬಿಟ್ಟುಕೊಟ್ಟವುಗಳ ಮೊತ್ತ 1024. ಎರಡು ಗೋಲು ಎಲ್ಲೋ ಕಾಣೆಯಾಗಿದ್ದವು. ಸ್ಟೋಕ್‌ನ 55ನ್ನು 53 ಎಂದು ಬರೆದಿದ್ದೆ.

ಅಂಕಗಳಿಗೂ ತಾಳೆ ಇದೆ. ಗೆಲುವು ಕಂಡ ಪಂದ್ಯ ಒಟ್ಟು 3 ಅಂಕ ಹಂಚುತ್ತದೆ, ಡ್ರಾ ಆದದ್ದು 2. ಎಲ್ಲ 380 ಪಂದ್ಯಗಳೂ ಗೆಲುವು ಕಂಡಿದ್ದರೆ 1140 ಅಂಕ. ಅದರಿಂದ ಡ್ರಾಗಳ ಸಂಖ್ಯೆ ಕಳೆದರೆ ಪಟ್ಟಿಯ ಒಟ್ಟು ಅಂಕ ಬರಬೇಕು. ಆ ವರ್ಷ 107 ಡ್ರಾ, ಅಂದರೆ 1033. ಲೆಸ್ಟರ್‌ನ 81ರಿಂದ ಆಸ್ಟನ್ ವಿಲ್ಲಾದ 17ರವರೆಗೆ ಕೂಡಿಸಿದೆ, 1033 ಬಂತು. ಈ ಎರಡು ತಾಳೆಗಳನ್ನೂ ಪ್ರೋಗ್ರಾಮಿನೊಳಗೇ ಇಟ್ಟುಬಿಟ್ಟಿದ್ದೇನೆ. ಪ್ರತಿ ಸುತ್ತು ಮುಗಿದಾಗ ಅದು ತಾನೇ ಪರೀಕ್ಷಿಸಿಕೊಳ್ಳುತ್ತದೆ, ತಪ್ಪಿದರೆ ಅಲ್ಲೇ ನಿಲ್ಲುತ್ತದೆ. ಮುಂದೆ ಆದ ಮೂರು ತಪ್ಪುಗಳನ್ನು ಹಿಡಿದುಕೊಟ್ಟದ್ದು ಇದೇ.

ವೇಳಾಪಟ್ಟಿ

ಯಾರು ಯಾವಾಗ ಯಾರ ವಿರುದ್ಧ ಎಂಬುದನ್ನು ಜೋಡಿಸುವ ವಿಧಾನ ಊಟದ ಪಂಕ್ತಿಯಂತಿದೆ. ಹತ್ತು ತಂಡಗಳು ಒಂದು ಸಾಲು, ಎದುರಿಗೆ ಹತ್ತು. ಎದುರುಬದುರು ಕುಳಿತವರು ಆಡುತ್ತಾರೆ. ಮುಂದಿನ ಸುತ್ತಿಗೆ ಮೊದಲ ಎಲೆಯವನು ಕದಲುವುದಿಲ್ಲ, ಉಳಿದ 19 ಮಂದಿ ಒಂದೊಂದು ಎಲೆ ಸರಿಯುತ್ತಾರೆ. 19 ಸುತ್ತು ಮುಗಿಯುವಾಗ ಎಲ್ಲರೂ ಎಲ್ಲರೆದುರು ಒಮ್ಮೆ ಕುಳಿತಿರುತ್ತಾರೆ. ಎರಡನೇ ಅರ್ಧಕ್ಕೆ ತವರು ಮೈದಾನಗಳನ್ನು ತಿರುಗಿಸಿದರೆ ಆಯಿತು.

ಮೊದಲ ಪ್ರಯತ್ನದಲ್ಲಿ ಮೇಲಿನ ಸಾಲಿನವರೆಲ್ಲ ತವರಿನಲ್ಲಿ ಆಡುವವರು ಎಂದು ಇಟ್ಟೆ. ಮೊದಲ ಎಲೆಯಲ್ಲಿದ್ದ ಆರ್ಸೆನಲ್ ಆಗಸ್ಟ್‌ನಿಂದ ಸತತ 19 ಪಂದ್ಯ ಲಂಡನ್ ಬಿಟ್ಟು ಕದಲಲೇ ಇಲ್ಲ. ಕೆಳಗಿನ ಸಾಲು ಹೊಕ್ಕ ತಂಡಗಳು ಸತತ ಹತ್ತು ಪಂದ್ಯ ಪರಊರಿನಲ್ಲಿ ಅಲೆದವು. ಇದರ ದುರಸ್ತಿ ಸರಳ: ಬೆಸ ಸಂಖ್ಯೆಯ ಎಲೆಗಳಲ್ಲಿ ಮೇಲಿನವರು ತವರಿನವರು, ಸಮ ಸಂಖ್ಯೆಯವುಗಳಲ್ಲಿ ಕೆಳಗಿನವರು, ಮೊದಲ ಎಲೆಯಲ್ಲಿ ಮಾತ್ರ ಸುತ್ತು ಬಿಟ್ಟು ಸುತ್ತು ಬದಲಾವಣೆ. ಈಗ ಒಂದು ಎಲೆ ಸರಿದಾಗಲೆಲ್ಲ ತವರು, ಪರಊರು, ತವರು ಎಂದು ತಾನಾಗಿಯೇ ಸಾಗುತ್ತದೆ. ಸತತ ಎರಡು ಪಂದ್ಯ ಒಂದೇ ಕಡೆ ಬೀಳುವ ಸಂದರ್ಭಗಳನ್ನು ಎಣಿಸಿದೆ, ಒಂದು ಅರ್ಧಕ್ಕೆ 18 ಬಂತು. 20 ತಂಡಗಳಿಗೆ ಇದಕ್ಕಿಂತ ಕಡಿಮೆ ಸಾಧ್ಯವಿಲ್ಲ ಎಂಬುದು ಗಣಿತದಲ್ಲಿ ಸಾಧಿತವಾದ ವಿಷಯ. ನಿಜವಾದ ಪ್ರೀಮಿಯರ್ ಲೀಗ್‌ನ ವೇಳಾಪಟ್ಟಿಗೆ ಪೊಲೀಸರ ಸಲಹೆ, ಒಂದೇ ಊರಿನ ಎರಡು ತಂಡಗಳು, ಯುರೋಪಿನ ಪಂದ್ಯಗಳು ಎಂದು ನೂರು ಕಟ್ಟುಪಾಡುಗಳಿವೆ. ಅವನ್ನು ಕೈಬಿಟ್ಟೆ.

ಗೋಲುಗಳು

ಯಂತ್ರದ ಹೃದಯ ಇದು. ಒಂದು ಪಂದ್ಯದಲ್ಲಿ ಎಷ್ಟು ಗೋಲು ಬೀಳುತ್ತವೆ ಎಂಬುದನ್ನು ಪಾಯ್ಸಾನ್ ಹಂಚಿಕೆಯಿಂದ ಪಡೆಯಬಹುದು; ಸರಾಸರಿ ಗೊತ್ತಿದ್ದರೆ ಸೊನ್ನೆ, ಒಂದು, ಎರಡು ಗೋಲು ಬೀಳುವ ಸಂಭವ ತಲಾ ಎಷ್ಟು ಎಂದು ಹೇಳುವ ಸೂತ್ರ ಅದು. ಪ್ರತಿ ತಂಡಕ್ಕೂ ದಾಳಿಯ ಬಲ, ರಕ್ಷಣೆಯ ಬಲ ಎಂದು ಎರಡು ಸಂಖ್ಯೆ ಕೊಟ್ಟು ಗೋಲುಗಳನ್ನು ಈ ಹಂಚಿಕೆಯಲ್ಲಿ ಕೂರಿಸಿದ ಎಂ. ಜೆ. ಮಾಹೆರ್ ಅವರ ಪ್ರಬಂಧ ಬಂದದ್ದು 1982ರಲ್ಲಿ, ಕೆವಿನ್ ಟಾಮ್ಸ್ ತನ್ನ ಆಟ ಮಾರಾಟಕ್ಕಿಟ್ಟ ವರ್ಷವೇ.

ಲೆಕ್ಕ ಹೀಗೆ. 2015-16ರಲ್ಲಿ ಪಂದ್ಯವೊಂದಕ್ಕೆ ತವರಿನ ತಂಡ ಸರಾಸರಿ 1.49 ಗೋಲು, ಪರಊರಿನ ತಂಡ 1.21 ಗೋಲು ಹೊಡೆದವು. ತಂಡವೊಂದು ಋತುವಿನಲ್ಲಿ ಹೊಡೆದ ಸರಾಸರಿ ಗೋಲು 51.3. ಲೆಸ್ಟರ್ ಹೊಡೆದದ್ದು 68, ಹಾಗಾಗಿ ದಾಳಿಯ ಬಲ 1.33. ವಿಲ್ಲಾ ಬಿಟ್ಟುಕೊಟ್ಟದ್ದು 76, ಹಾಗಾಗಿ ರಕ್ಷಣೆಯ ದೌರ್ಬಲ್ಯ 1.48. ಲೆಸ್ಟರ್‌ನ ತವರಿನಲ್ಲಿ ಇವೆರಡು ಎದುರಾದರೆ 1.49ನ್ನು ಈ ಎರಡರಿಂದಲೂ ಗುಣಿಸಬೇಕು: ಲೆಸ್ಟರ್‌ಗೆ ನಿರೀಕ್ಷಿತ ಗೋಲು 2.93, ಅದೇ ರೀತಿ ವಿಲ್ಲಾಗೆ 0.45. ಪಂದ್ಯ ಏಕಪಕ್ಷೀಯ ಎನಿಸುತ್ತದೆ. ಆದರೆ 2015ರ ಸೆಪ್ಟೆಂಬರ್ 13ರಂದು ನಿಜವಾಗಿ ನಡೆದ ಪಂದ್ಯದಲ್ಲಿ ವಿಲ್ಲಾ 2-0 ಮುಂದಿತ್ತು, ಕೊನೆಗೆ ಲೆಸ್ಟರ್ 3-2ರಲ್ಲಿ ಗೆದ್ದಿತು. ವಿಲ್ಲಾದ ಮೈದಾನದಲ್ಲಿ 1-1 ಡ್ರಾ.

ಮೊದಲ ಬಾರಿಗೆ ಸಾವಿರ ಋತುಗಳನ್ನು ಓಡಿಸಿದ ರಾತ್ರಿ ನಿದ್ದೆ ಬರಲಿಲ್ಲ. ಹೆಚ್ಚು ಬಾರಿ ಗೆದ್ದದ್ದು ಲೆಸ್ಟರ್ ಅಲ್ಲ, ಟಾಟನ್‌ಹ್ಯಾಮ್. ತಪ್ಪಿದ್ದೇನೆ ಎಂದುಕೊಂಡು ಕೋಡನ್ನು ಎರಡು ಬಾರಿ ಓದಿದೆ. ತಪ್ಪಿರಲಿಲ್ಲ. ಆ ವರ್ಷ ಅತ್ಯುತ್ತಮ ಗೋಲು ವ್ಯತ್ಯಾಸವಿದ್ದದ್ದು ಮೂರನೇ ಸ್ಥಾನದ ಟಾಟನ್‌ಹ್ಯಾಮ್‌ಗೆ, ಪ್ಲಸ್ 34. ಲೆಸ್ಟರ್‌ನದು 32, ಮ್ಯಾಂಚೆಸ್ಟರ್ ಸಿಟಿಯದು 30, ಆರ್ಸೆನಲ್‌ನದು 29. ಗೋಲುಗಳ ಕಣ್ಣಿಂದ ನೋಡಿದರೆ ಈ ನಾಲ್ಕೂ ಒಂದೇ ಗುಂಪಿನ ತಂಡಗಳು, ಯಾರು ಬೇಕಾದರೂ ಗೆಲ್ಲಬಹುದಿತ್ತು.

ಗೋಲು ವ್ಯತ್ಯಾಸಕ್ಕೂ ಅಂಕಗಳಿಗೂ ಇರುವ ನಂಟನ್ನು ಇಪ್ಪತ್ತೂ ತಂಡಗಳಿಂದ ಲೆಕ್ಕ ಹಾಕಿದೆ. ಒಂದು ಗೋಲಿಗೆ 0.65 ಅಂಕ ಬಂತು. ಅಂದರೆ ಪ್ಲಸ್ 32ರ ತಂಡಕ್ಕೆ ಸಲ್ಲಬೇಕಾದದ್ದು ಸುಮಾರು 72 ಅಂಕ. ಲೆಸ್ಟರ್‌ಗೆ ಬಂದದ್ದು 81. ಟಾಟನ್‌ಹ್ಯಾಮ್‌ಗೆ 74 ಸಲ್ಲಬೇಕಿತ್ತು, ಬಂದದ್ದು 70. ಹಾಗಾದರೆ ಎಂಟೊಂಬತ್ತು ಅಂಕ ಹೆಚ್ಚು ಬರುವುದು ಎಷ್ಟು ಅಪರೂಪ? ಅರ್ಧದಷ್ಟು ಪಂದ್ಯ ಗೆದ್ದು, ಕಾಲುಭಾಗ ಡ್ರಾ ಮಾಡಿಕೊಂಡು, ಕಾಲುಭಾಗ ಸೋಲುವ ತಂಡವನ್ನು ತೆಗೆದುಕೊಳ್ಳಿ. ಅದರ ಸರಾಸರಿ 66.5 ಅಂಕ. ಅದೇ ತಂಡ ಅದೇ ಬಲದಿಂದ ಮತ್ತೆ ಮತ್ತೆ ಋತು ಆಡಿದರೆ ಅಂಕಗಳು ಸುಮಾರು 8ರಷ್ಟು ಮೇಲೆ ಕೆಳಗೆ ತೂಗಾಡುತ್ತವೆ. ಮೂರು ಋತುಗಳಲ್ಲಿ ಎರಡು 58ರಿಂದ 74ರ ನಡುವೆ ಬೀಳುತ್ತವೆ. ಒಬ್ಬ ಆಟಗಾರನೂ ಬದಲಾಗದೆ, ಒಂದು ತಂತ್ರವೂ ಬದಲಾಗದೆ.

ಇದರಿಂದ ಲೆಸ್ಟರ್‌ನ ಗೆಲುವು ನನ್ನ ಕಣ್ಣಲ್ಲಿ ಕಿರಿದಾಗಲಿಲ್ಲ. 14ನೇ ಸ್ಥಾನದ ತಂಡ ಒಂದೇ ವರ್ಷದಲ್ಲಿ ಆ ನಾಲ್ವರ ಗುಂಪಿಗೆ ಏರಿದ್ದೇ ದೊಡ್ಡದು. ಆ ಗುಂಪಿನಲ್ಲಿ ನಿಂತಿದ್ದರಿಂದಲೇ ಅದೃಷ್ಟ ಬಂದಾಗ ಕೈಗೆಟುಕಿತು.

ಚದುರಿದ ಪಟ್ಟಿ

ಒಂದು ದೋಷ ಇನ್ನೂ ಉಳಿದಿತ್ತು, ಅದು ಕೋಡಿನದಲ್ಲ. ಯಂತ್ರ ಹೊರಹಾಕುತ್ತಿದ್ದ ಪಟ್ಟಿಗಳು ನಿಜವಾದ ಪಟ್ಟಿಗಿಂತ ಹೆಚ್ಚು ಚದುರಿಕೊಂಡಿದ್ದವು. ವಿಲ್ಲಾ ಆಗಾಗ ಹತ್ತು ಅಂಕಗಳ ಆಸುಪಾಸಿನಲ್ಲಿ ಮುಗಿಸುತ್ತಿತ್ತು. ಎರಡು ವಾರ ಇದರೊಂದಿಗೆ ಗುದ್ದಾಡಿದೆ. ಕೊನೆಗೆ ಹೊಳೆದದ್ದು ಆಫೀಸಿಗೆ ಹೋಗುವ ಮೆಟ್ರೊದಲ್ಲಿ: ನಾನು ಅದೃಷ್ಟವನ್ನು ಎರಡು ಬಾರಿ ಲೆಕ್ಕಕ್ಕೆ ಹಿಡಿಯುತ್ತಿದ್ದೆ. ವಿಲ್ಲಾ ಹೊಡೆದ 27 ಗೋಲುಗಳಲ್ಲಿ ಆ ವರ್ಷದ ದುರದೃಷ್ಟವೂ ಸೇರಿದೆ. ಆ ಸಂಖ್ಯೆಯನ್ನೇ ತಂಡದ ನಿಜವಾದ ಬಲ ಎಂದು ಇಟ್ಟು, ಅದರ ಮೇಲೆ ಮತ್ತೆ ದಾಳ ಉರುಳಿಸಿದರೆ ದುರದೃಷ್ಟದ ಮೇಲೆ ದುರದೃಷ್ಟ ಬೀಳುತ್ತದೆ.

ಎಷ್ಟು ಭಾಗ ಬಲ, ಎಷ್ಟು ಭಾಗ ಅದೃಷ್ಟ ಎಂದು ಬೇರ್ಪಡಿಸುವುದು ಹೇಗೆ? ಪಾಯ್ಸಾನ್ ಹಂಚಿಕೆಯ ಒಂದು ಗುಣ ಇಲ್ಲಿ ಕೈಹಿಡಿಯುತ್ತದೆ. ಅದರಲ್ಲಿ ಬರಿಯ ಆಕಸ್ಮಿಕದಿಂದ ಆಗುವ ಚದುರುವಿಕೆ, ಅಂದರೆ ಸರಾಸರಿಯಿಂದ ಇರುವ ಅಂತರಗಳನ್ನು ವರ್ಗ (ಸ್ಕ್ವೇರ್) ಮಾಡಿ ತೆಗೆದ ಸರಾಸರಿ, ಮೂಲ ಸರಾಸರಿಗೆ ಸಮ. ಇಪ್ಪತ್ತೂ ತಂಡಗಳು ಸಮಬಲದವಾಗಿದ್ದರೂ 51.3ರಷ್ಟು ಚದುರುವಿಕೆ ಇದ್ದೇ ಇರುತ್ತಿತ್ತು. ನಿಜವಾದ ಪಟ್ಟಿಯಲ್ಲಿ ಹೊಡೆದ ಗೋಲುಗಳ ಚದುರುವಿಕೆ 164.6. ಅಂದರೆ ಹತ್ತರಲ್ಲಿ ಮೂರು ಪಾಲು ಅದೃಷ್ಟ, ಏಳು ಪಾಲು ಬಲ. ಬಿಟ್ಟುಕೊಟ್ಟ ಗೋಲುಗಳಿಗೆ ಇದೇ ಲೆಕ್ಕ ಹಾಕಿದರೆ ಚದುರುವಿಕೆ 133.1, ಅದೃಷ್ಟದ ಪಾಲು ಹತ್ತರಲ್ಲಿ ನಾಲ್ಕರ ಹತ್ತಿರ. ಈ ಸಂಖ್ಯೆಗಳನ್ನು ಮೊದಲು ಕಂಡಾಗ ಕಂಠೀರವದ ರಾತ್ರಿ ನೆನಪಾಯಿತು. ನಾನು ಅಷ್ಟು ನಂಬಿಕೊಂಡಿದ್ದ ‘ಇಡೀ ಋತುವಿನ ಲೆಕ್ಕ’ದೊಳಗೂ ಇಷ್ಟೊಂದು ಕವಡೆ ಕುಣಿಯುತ್ತಿತ್ತು. ಅದೂ ಇದು 38 ಪಂದ್ಯಗಳ ಋತು. ಅಲ್ಲಿ ಇದ್ದದ್ದು 18.

ದುರಸ್ತಿ: ಪ್ರತಿ ತಂಡದ ಸಂಖ್ಯೆಯನ್ನೂ ಸರಾಸರಿಯ ಕಡೆಗೆ ಎಳೆದೆ, ದಾಳಿಯಲ್ಲಿ ವ್ಯತ್ಯಾಸದ 0.7 ಪಾಲು, ರಕ್ಷಣೆಯಲ್ಲಿ 0.6 ಪಾಲು ಮಾತ್ರ ಉಳಿಸಿದೆ. ವಿಲ್ಲಾದ 27 ಗೋಲು 34 ಆಯಿತು, ಬಿಟ್ಟುಕೊಟ್ಟ 76 ಗೋಲು 66 ಆಯಿತು. ಲೆಸ್ಟರ್ ವಿರುದ್ಧದ ಆ ಪಂದ್ಯ 2.93-0.45ರಿಂದ 2.36-0.66ಕ್ಕೆ ಬಂತು. ಯಂತ್ರದ ಪಟ್ಟಿಗಳು ನಿಜವಾದ ಪಟ್ಟಿಯಷ್ಟೇ ಅಗಲಕ್ಕೆ ಬಂದು ನಿಂತವು. ಈ ಇಡೀ ಕೆಲಸದಲ್ಲಿ ನನಗೆ ಅತ್ಯಂತ ತೃಪ್ತಿ ಕೊಟ್ಟ ದಿನ ಅದು.

ಸಾಕಾಗದ ಡ್ರಾಗಳು

ಮುಂದಿನ ತೊಂದರೆ ಹಳೆಯದು, ಪರಿಹಾರವೂ ಹಳೆಯದು. 1.49 ಮತ್ತು 1.21ರ ಸರಾಸರಿ ಪಂದ್ಯದಲ್ಲಿ ಪಾಯ್ಸಾನ್ ಪ್ರಕಾರ ಡ್ರಾ ಆಗುವ ಸಂಭವ ಶೇ 25.5; 380 ಪಂದ್ಯಗಳಲ್ಲಿ 97. ನಿಜದಲ್ಲಿ 107. ಮಾರ್ಕ್ ಡಿಕ್ಸನ್ ಮತ್ತು ಸ್ಟುವರ್ಟ್ ಕೋಲ್ಸ್ 1997ರಲ್ಲಿ ತೋರಿಸಿದ ತಿದ್ದುಪಡಿ ನಾಲ್ಕು ಫಲಿತಾಂಶಗಳನ್ನು ಮಾತ್ರ ಮುಟ್ಟುತ್ತದೆ: 0-0, 1-1, 1-0, 0-1. ಅವರ ಗುಣಾಂಕವನ್ನು ಮೈನಸ್ 0.1 ಎಂದು ಇಟ್ಟರೆ 1-0 ಮತ್ತು 0-1ರಿಂದ ಸಾವಿರಕ್ಕೆ ತಲಾ 12 ಪಂದ್ಯಗಳು ಹೊರಟು 0-0 ಮತ್ತು 1-1ಕ್ಕೆ ಸೇರುತ್ತವೆ. ಒಟ್ಟು ಕದಲುವುದಿಲ್ಲ, ಇದೂ ಜಮಾ-ಖರ್ಚು. ಡ್ರಾ ಶೇ 27.9ಕ್ಕೆ ಏರಿ 106 ಪಂದ್ಯಗಳಾದವು. ಇಷ್ಟು ಸಾಕು.

ಅಕ್ಕನ ಮಗ ಬಂದ

ಇಲ್ಲಿಯವರೆಗಿನದು ಲೆಕ್ಕದ ಯಂತ್ರ, ಆಟವಲ್ಲ. ಬೇಸಿಗೆ ರಜೆಗೆ ಬಂದ ಅಕ್ಕನ ಮಗ, ವಯಸ್ಸು ಹದಿನೈದು, ದೊಡ್ಡ ಮ್ಯಾನೇಜರ್ ಆಟಗಳನ್ನು ಅರೆದು ಕುಡಿದವನು, ಪರದೆ ನೋಡಿ ಕೇಳಿದ: “ಮಾಮ, ಪಂದ್ಯ ಎಲ್ಲಿ? ಬರೀ ಫಲಿತಾಂಶ ಬರುತ್ತಿದೆಯಲ್ಲ?”

ಅವನ ತಂಡದ ಪಂದ್ಯಗಳಿಗೆ ಬೇರೆ ಯಂತ್ರ ಬರೆದೆ. ಉಳಿದ ಪಂದ್ಯಗಳಿಗೆ ಒಂದೇ ಏಟಿನ ಲೆಕ್ಕ, ಅವನದಕ್ಕೆ ನಿಮಿಷ ನಿಮಿಷದ ಲೆಕ್ಕ. ದೊಡ್ಡ ಆಟಗಳೂ ದೂರದ ಲೀಗ್‌ಗಳನ್ನು ಹೀಗೆಯೇ ಮೊಟಕಾಗಿ ಮುಗಿಸುತ್ತವೆ. ನಿರೀಕ್ಷಿತ ಗೋಲನ್ನು 90ರಿಂದ ಭಾಗಿಸಿದರೆ ಪ್ರತಿ ನಿಮಿಷದ ಸಂಭವ ಸಿಗುತ್ತದೆ. ವಿಲ್ಲಾ ವಿರುದ್ಧ ತವರಿನಲ್ಲಿ ಲೆಸ್ಟರ್‌ಗೆ ನಿಮಿಷಕ್ಕೆ 0.026. ಸೊನ್ನೆಯಿಂದ ಒಂದರ ನಡುವಿನ ಒಂದು ಯಾದೃಚ್ಛಿಕ ಸಂಖ್ಯೆ ಎತ್ತಬೇಕು; ಅದು 0.026ಕ್ಕಿಂತ ಕಡಿಮೆಯಿದ್ದರೆ ಗೋಲು. ಇಲ್ಲಿ ಡಿಕ್ಸನ್-ಕೋಲ್ಸ್ ತಿದ್ದುಪಡಿ ನಡೆಯುವುದಿಲ್ಲ, ಏಕೆಂದರೆ ಕೊನೆಯ ಫಲಿತಾಂಶ ಮೊದಲೇ ಗೊತ್ತಿರುವುದಿಲ್ಲ. ಬದಲಿಗೆ 80ನೇ ನಿಮಿಷದ ನಂತರ ಸಮಬಲವಿದ್ದರೆ ಎರಡೂ ಕಡೆಯ ಸಂಭವವನ್ನು ಶೇ 30 ಇಳಿಸಿದೆ. ಕೈಲಿರುವ ಒಂದು ಅಂಕವನ್ನು ಕಾಯ್ದುಕೊಳ್ಳುವ ತಂಡಗಳನ್ನು ನೋಡಿದವರಿಗೆ ಇದು ಒಪ್ಪಿಗೆಯಾಗುತ್ತದೆ. ಡ್ರಾಗಳು ಋತುವಿಗೆ 104ರ ಆಸುಪಾಸಿಗೆ ಬಂದವು, ಎರಡು ಯಂತ್ರಗಳೂ ಒಂದೇ ಮಾತು ಆಡತೊಡಗಿದವು.

ಅವನು ವಿಲ್ಲಾವನ್ನೇ ಆರಿಸಿಕೊಂಡ. ನಾಲ್ಕನೇ ಪಂದ್ಯ ಸೋತ, ಉಳಿಸಿಟ್ಟ ಫೈಲ್ ತೆರೆದು ಮತ್ತೆ ಆಡಿದ, ಮತ್ತೆ ಸೋತ, ಮೂರನೇ ಸಲ ಗೆದ್ದ. ನನಗೆ ಸಂಕಟವಾಯಿತು. ನಮ್ಮಜ್ಜಿ ಚೌಕಾಬಾರ ಆಡುವಾಗ ಬಿದ್ದ ಕವಡೆಯನ್ನು ಯಾರಿಗೂ ಮತ್ತೆ ಎತ್ತಿ ಹಾಕಲು ಬಿಡುತ್ತಿರಲಿಲ್ಲ. ಕವಡೆ ಹೇಗೆ ಬಿತ್ತೋ ಹಾಗೆ, ಕಾಯಿ ನಡೆಸುವುದು ಮಾತ್ರ ನಿನ್ನದು. ಆ ನಿಯಮವನ್ನೇ ಕೋಡಿಗೆ ತಂದೆ. ಋತುವಿನ ಸಂಖ್ಯೆ, ಸುತ್ತಿನ ಸಂಖ್ಯೆ, ಪಂದ್ಯದ ಸಂಖ್ಯೆ ಈ ಮೂರರಿಂದ ಪ್ರತಿ ಪಂದ್ಯದ ಬೀಜಸಂಖ್ಯೆ, ಅಂದರೆ ಯಾದೃಚ್ಛಿಕ ಸಂಖ್ಯೆಗಳ ಇಡೀ ಸಾಲನ್ನು ನಿರ್ಧರಿಸುವ ಸಂಖ್ಯೆ, ಹುಟ್ಟುತ್ತದೆ. ಎಷ್ಟು ಬಾರಿ ತೆರೆದರೂ ಆ ಪಂದ್ಯದ 90 ನಿಮಿಷಗಳಿಗೆ, ಎರಡೂ ತಂಡಗಳಿಗೆ, ಅವೇ 180 ಸಂಖ್ಯೆಗಳು ಬೀಳುತ್ತವೆ.

ಇದರಿಂದ ನಾನು ಎಣಿಸದಿದ್ದ ಒಂದು ಲಾಭವಾಯಿತು. ಕವಡೆ ಬದಲಾಗದ ಕಾರಣ, ಅವನು ತಂಡ ಬದಲಿಸಿದಾಗ ಫಲಿತಾಂಶ ಬದಲಾದರೆ ಅದು ನಿಜವಾಗಿ ಅವನ ನಿರ್ಧಾರದಿಂದಲೇ ಆದದ್ದು. ರಕ್ಷಣೆ ಗಟ್ಟಿಯಾದರೆ ಎದುರಾಳಿಯ ಹೊಸ್ತಿಲು, ಅಂದರೆ ಯಾವ ಸಂಖ್ಯೆಗಿಂತ ಕಡಿಮೆ ಬಿದ್ದರೆ ಗೋಲೋ ಆ ಸಂಖ್ಯೆ, ತಗ್ಗುತ್ತದೆ; ಹಿಂದೆ ಹೊಸ್ತಿಲಿನ ಒಳಗೆ ಬಿದ್ದಿದ್ದ ಕೆಲವು ಗೋಲುಗಳು ಹೊರಗುಳಿಯುತ್ತವೆ. ಒಳ್ಳೆಯ ನಿರ್ಧಾರಕ್ಕೆ ಕೆಟ್ಟ ಕವಡೆಯ ಶಿಕ್ಷೆ ಬೀಳುವುದಿಲ್ಲ.

ನಿರ್ಧಾರಗಳಿಗೆ ಎಷ್ಟು ತೂಕ ಕೊಡಬೇಕು ಎಂಬುದರ ಬಗ್ಗೆ ನಮ್ಮಿಬ್ಬರ ನಡುವೆ ದೊಡ್ಡ ವಾದ ನಡೆಯಿತು. ನಾನು ದಾಳಿಯಲ್ಲಿ ಶೇ 10, ರಕ್ಷಣೆಯಲ್ಲಿ ಶೇ 10 ಎಂದು ಮಿತಿ ಹಾಕಿದ್ದೆ. “ಏನು ಮಾಡಿದರೂ ಏನೂ ಆಗುವುದಿಲ್ಲ ಮಾಮ” ಎಂದು ಅವನು ಮುಖ ಊದಿಸಿಕೊಂಡ. ಕಾಗದ ತೆಗೆದು ಅವನೆದುರೇ ಲೆಕ್ಕ ಮಾಡಿದೆ. ತಿದ್ದಿದ ಬಲದಲ್ಲಿ ವಿಲ್ಲಾದ ಗೋಲು ವ್ಯತ್ಯಾಸ ಮೈನಸ್ 32, ಅಂದರೆ ಸುಮಾರು 31 ಅಂಕ. ಅವನ ನಿರ್ಧಾರಗಳೆಲ್ಲ ಸರಿಯಾದರೆ ದಾಳಿಯಿಂದ ಮೂರೂವರೆ ಗೋಲು, ರಕ್ಷಣೆಯಿಂದ ಆರೂವರೆ, ಒಟ್ಟು 10 ಗೋಲು, ಆರೂವರೆ ಅಂಕ. 31 ಹೋಗಿ 37 ಅಥವಾ 38. ಕೊನೆಯ ಮೂರು ತಂಡಗಳು ಕೆಳಗಿನ ಲೀಗ್‌ಗೆ ಇಳಿಯುತ್ತವೆ; ಆ ವರ್ಷ 17ನೇ ಸ್ಥಾನದಲ್ಲಿ ಬದುಕಿಕೊಂಡ ಸಂಡರ್‌ಲೆಂಡ್‌ಗೆ 39 ಅಂಕ, ಕೆಳಗಿಳಿದ ನ್ಯೂಕ್ಯಾಸಲ್‌ಗೆ 37. ಕಾಗದವನ್ನು ಅವನು ಬಹಳ ಹೊತ್ತು ನೋಡಿದ. ಮಿತಿ ಶೇ 10ರಲ್ಲೇ ಉಳಿಯಿತು. ಇದನ್ನು ಶೇ 30ಕ್ಕೆ ಏರಿಸಿದರೆ ಎರಡೇ ವರ್ಷದಲ್ಲಿ ವಿಲ್ಲಾ ಚಾಂಪಿಯನ್ ಆಗುತ್ತದೆ, ಆಡುವವನು ಖುಷಿಪಡುತ್ತಾನೆ, ಆದರೆ ಅದು ಫುಟ್‌ಬಾಲ್ ಆಗಿ ಉಳಿಯುವುದಿಲ್ಲ ಎಂದೇ ನನ್ನ ನಂಬಿಕೆ.

ಅವನ ಒತ್ತಾಯಕ್ಕೆ ದಣಿವನ್ನೂ ಸೇರಿಸಿದೆ. ಪಂದ್ಯ ಆಡಿದವನ ಶಕ್ತಿ ಇಳಿಯುತ್ತದೆ, ವಿಶ್ರಾಂತಿಯಲ್ಲಿ ಏರುತ್ತದೆ. ಡಿಸೆಂಬರ್ ಕೊನೆಯಲ್ಲಿ ಪಂದ್ಯಗಳು ಒತ್ತೊತ್ತಾಗಿ ಬಂದಾಗ ಪೂರ್ತಿ ಏರುವುದೇ ಇಲ್ಲ. ಲೆಸ್ಟರ್ ಆ ವರ್ಷ ತನ್ನ ಹನ್ನೊಂದು ಮಂದಿಯನ್ನು ಬದಲಿಸಿದ್ದು ಬಹಳ ಕಡಿಮೆ. ವೆಸ್ ಮಾರ್ಗನ್ ಮತ್ತು ಕ್ಯಾಸ್ಪರ್ ಶ್ಮೈಕಲ್ ಲೀಗ್‌ನ ಪ್ರತಿಯೊಂದು ನಿಮಿಷವನ್ನೂ ಆಡಿದರು. ಯುರೋಪಿನ ಟೂರ್ನಿಗಳಲ್ಲಿ ಅದು ಇರಲಿಲ್ಲ, ದೇಶದ ಎರಡೂ ಕಪ್‌ಗಳಿಂದ ಬೇಗ ಹೊರಬಿದ್ದಿತ್ತು. ಹಾಗಾಗಿ ವಾರದ ನಡುವೆ ವಿಶ್ರಾಂತಿ ಸಿಗುತ್ತಿತ್ತು. ದಣಿವಿನ ಗುಣಾಂಕಕ್ಕೆ ಆಧಾರವಾಗಿ ಇಟ್ಟುಕೊಳ್ಳಲು ನನ್ನ ಬಳಿ ಇದ್ದ ನಿಜವಾದ ಸಂಗತಿ ಇದೊಂದೇ. ಆ ಭಾಗ ಇನ್ನೂ ಹದಕ್ಕೆ ಬಂದಿಲ್ಲ.

ಕೊನೆಯ ಸುತ್ತು

ರಜೆಯ ಕೊನೆಯ ವಾರ ಅವನ ಋತು 38ನೇ ಪಂದ್ಯಕ್ಕೆ ಬಂತು. ವಿಲ್ಲಾಗೆ 37 ಅಂಕ, 17ನೇ ಸ್ಥಾನದ ತಂಡಕ್ಕೆ 38, ಅದರ ಪಂದ್ಯಗಳು ಮುಗಿದಿದ್ದವು, ಗೋಲು ವ್ಯತ್ಯಾಸದಲ್ಲಿ ವಿಲ್ಲಾ ಮುಂದಿತ್ತು. ಪರಊರಿನಲ್ಲಿ ಡ್ರಾ ಮಾಡಿಕೊಂಡರೂ ಸಾಕು. 70ನೇ ನಿಮಿಷದಲ್ಲಿ 0-0. ಅವನು ಮುಂಚೂಣಿ ಆಟಗಾರನನ್ನು ಹೊರತೆಗೆದು ಡಿಫೆಂಡರ್‌ನನ್ನು ಇಳಿಸಿದ. 83ನೇ ನಿಮಿಷದಲ್ಲಿ ಎದುರಾಳಿಯ ಗೋಲು. ವಿಲ್ಲಾ ಕೆಳಗಿಳಿಯಿತು.

ಅವನು ಅಳಲಿಲ್ಲ, ಮಾತೂ ಆಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ “ಆ ಬದಲಾವಣೆ ಮಾಡದೇ ಇದ್ದಿದ್ದರೆ?” ಎಂದ. ಕವಡೆಗಳೆಲ್ಲ ದಾಖಲಾಗಿದ್ದವಲ್ಲ, ತೆರೆದು ನೋಡಿದೆವು. 83ನೇ ನಿಮಿಷದ ಸಂಖ್ಯೆ 0.009. ಹೊಸ್ತಿಲು ಅವನ ಬದಲಾವಣೆಯ ನಂತರ 0.0145, ಬದಲಾವಣೆ ಇಲ್ಲದಿದ್ದರೆ 0.0149. ಹೇಗಿದ್ದರೂ ಆ ಗೋಲು ಬರುತ್ತಿತ್ತು.

“ಹಾಗಾದರೆ ಎಲ್ಲಿ ಸೋತೆ?” ಎಂದು ಕೇಳಿದ. ಅದನ್ನು ಹುಡುಕಿಕೊಡುವ ಕೋಡ್ ನನ್ನ ಬಳಿ ಇರಲಿಲ್ಲ. ಆ ರಾತ್ರಿ ಇಬ್ಬರೂ ಕುಳಿತು ಬರೆದೆವು: 38 ಪಂದ್ಯಗಳ ಪ್ರತಿ ನಿಮಿಷವನ್ನೂ ತಿರುವಿ, ಅವನ ಆಯ್ಕೆಯಿಂದಾಗಿಯೇ ಒಳಬಂದ ಗೋಲುಗಳನ್ನು ಮಾತ್ರ ಹೆಕ್ಕುವಂತೆ. ಒಂದೇ ಒಂದು ಸಿಕ್ಕಿತು. ಏಳನೇ ಸುತ್ತು, ತವರಿನಲ್ಲಿ ನಾರ್ವಿಚ್ ವಿರುದ್ಧ, 1-1 ಡ್ರಾ ಆದ ಪಂದ್ಯ. ದಣಿದಿದ್ದ ಡಿಫೆಂಡರ್‌ನನ್ನೇ ಆ ದಿನ ಆಡಿಸಿದ್ದ. ಹೊಸ್ತಿಲು 0.0144 ಇರಬೇಕಾದದ್ದು 0.0148ಕ್ಕೆ ಏರಿತ್ತು, ಬಿದ್ದ ಸಂಖ್ಯೆ 0.0146. ಆ ಗೋಲು ಇಲ್ಲದಿದ್ದರೆ ಗೆಲುವು, ಎರಡು ಅಂಕ ಹೆಚ್ಚು, ಒಟ್ಟು 39.

ಆ ಪಂದ್ಯ ಅವನಿಗೆ ನೆನಪೇ ಇರಲಿಲ್ಲ. ಪರದೆಯ ಆ ಸಾಲನ್ನು ಪುಸ್ತಕದಲ್ಲಿ ಬರೆದುಕೊಂಡು ಹೊಸ ಋತು ಶುರುಮಾಡಿದ, ವಿಲ್ಲಾವನ್ನೇ ಆರಿಸಿದ, ಮೊದಲು ತೆರೆದದ್ದು ಆಟಗಾರರ ಶಕ್ತಿಯ ಪುಟ.